ರೊಟ್ಟಿ ಕೇಂದ್ರಕ್ಕೆ ಉಪ್ಪುನೀರಿನ ಕ್ಲೋರಿನ್ ಯಂತ್ರ: ಕಟ್ಟಿದ್ದು, ಕೆಟ್ಟಿದ್ದು, ತಿದ್ದಿದ್ದು

ಕಲಬುರಗಿಯ ಆಳಂದ ರಸ್ತೆಯ ಕಡೆ ನನ್ನ ಅತ್ತಿಗೆಯವರು ನಡೆಸುವ ರೊಟ್ಟಿ ಕೇಂದ್ರದಲ್ಲಿ ದಿನಕ್ಕೆ ಐದಾರು ನೂರು ಜೋಳದ ರೊಟ್ಟಿ ತಟ್ಟುತ್ತಾರೆ, ಮಧ್ಯಾಹ್ನ ನಲವತ್ತು ಐವತ್ತು ಮಂದಿಗೆ ಊಟವನ್ನೂ ಬಡಿಸುತ್ತಾರೆ. ಕಾದ ಹಂಚಿನ ಮೇಲೆ ಎರಡೂ ಬದಿ ಬೆಂದು, ಮತ್ತೆ ಕೆಂಡದ ಮುಂದೆ ನಿಂತು ಕಟಕ್ ಆಗುವ ರೊಟ್ಟಿಯ ಬಗ್ಗೆ ನನಗೆ ಎಂದೂ ಚಿಂತೆ ಇರಲಿಲ್ಲ. ಚಿಂತೆ ಇದ್ದುದು ತಾಟಿನ ಅಂಚಿಗೆ ಹಸಿಯಾಗಿಯೇ ಇಡುವ ಹಕ್ಕರಕಿ ಸೊಪ್ಪು, ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ ಮತ್ತು ಸೌತೆಕಾಯಿಗಳ ಬಗ್ಗೆ. ಪುಂಡಿ ಪಲ್ಯ ಕುದಿಯುತ್ತದೆ, ಬ್ಯಾಳಿ ಕುದಿಯುತ್ತದೆ, ಆದರೆ ಹಕ್ಕರಕಿಗೆ ಬೆಂಕಿಯ ಸೋಂಕೇ ಇಲ್ಲ. ಹೊಲದ ಮಣ್ಣು, ಹಳ್ಳದ ನೀರು, ಮಾರುಕಟ್ಟೆಯ ನೆಲ, ಕತ್ತರಿಸುವ ಕೈ, ಇವೆಲ್ಲವನ್ನೂ ದಾಟಿ ಬಂದ ಎಲೆ ನೇರವಾಗಿ ಬಾಯಿಗೆ ಹೋಗುತ್ತದೆ.

ಕೇಂದ್ರದಲ್ಲಿ ಶುಚಿತನಕ್ಕೆ ಕೊರತೆ ಇತ್ತೆಂದು ನಾನು ಹೇಳುತ್ತಿಲ್ಲ. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯುತ್ತಿದ್ದರು, ಮೂರನೆಯ ನೀರಿಗೆ ಅಂಗಡಿಯಿಂದ ತಂದ ಬ್ಲೀಚ್ ದ್ರಾವಣವನ್ನು ಒಂದು ಮುಚ್ಚಳ ಹಾಕುತ್ತಿದ್ದರು. ಆ ಒಂದು ಮುಚ್ಚಳದಲ್ಲಿ ಎಷ್ಟು ಕ್ಲೋರಿನ್ ಇದೆ ಎಂಬ ಪ್ರಶ್ನೆಯೇ ಈ ಕೆಲಸಕ್ಕೆ ಮೂಲವಾಯಿತು. ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಬಹಳ ವರ್ಷ ಸಹಾಯಕನಾಗಿದ್ದು ನಿವೃತ್ತನಾದ ನನ್ನ ಬಳಿ ದ್ರಾವಣವನ್ನು ಹನಿಹನಿಯಾಗಿ ಅಳೆದು ಬಿಡುವ ಒಂದು ಬ್ಯುರೆಟ್, ಒಂದು ಪಿಪೆಟ್ ಮತ್ತು ಅಭ್ಯಾಸದ ಕೈ ಉಳಿದಿದ್ದವು. ಬಾಟಲಿಯ ಮೇಲೆ 4 ಪ್ರತಿಶತ ಎಂದು ಮುದ್ರಿಸಿತ್ತು; ಕ್ಲೋರಿನ್ನನ್ನು ತಟಸ್ಥಗೊಳಿಸುವ ಥಯೋಸಲ್ಫೇಟ್ ಎಂಬ ಲವಣ ಹಾಕಿ ಅಳೆದಾಗ ಸಿಕ್ಕಿದ್ದು 2 ಪ್ರತಿಶತಕ್ಕೂ ತುಸು ಕಡಿಮೆ. ತಯಾರಿಸಿದವರನ್ನು ಇದಕ್ಕೆ ದೂರುವುದು ನ್ಯಾಯವಲ್ಲ. ಬ್ಲೀಚಿನಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್ ಎಂಬ ವಸ್ತುವಿನ ಸ್ವಭಾವವೇ ಹಾಗೆ: ಬಿಸಿಲು ಮತ್ತು ಶಾಖ ತಗುಲಿದಂತೆ ಅದು ತಾನಾಗಿಯೇ ಒಡೆದು ಕ್ಲೋರೈಡ್ ಹಾಗೂ ಕ್ಲೋರೇಟ್ ಆಗುತ್ತದೆ, ಮತ್ತು ದ್ರಾವಣ ಗಟ್ಟಿಯಾಗಿದ್ದಷ್ಟೂ ಬೇಗ ಒಡೆಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕುಳಿತ ಬಾಟಲಿಯಿಂದ ಇನ್ನೇನು ನಿರೀಕ್ಷಿಸಬಹುದು? ಬ್ಲೀಚಿಂಗ್ ಪೌಡರಿನದೂ ಇದೇ ಕಥೆ.

ಹಾಗಾದರೆ ಬೇಕಾದಷ್ಟನ್ನು ಬೇಕಾದ ದಿನ ಇಲ್ಲಿಯೇ ತಯಾರಿಸಿದರೆ ಬಲ ಎಷ್ಟೆಂದು ತಿಳಿದಿರುತ್ತದೆ ಎಂದು ತೀರ್ಮಾನಿಸಿ ಕಾರ್ತಿಕದಲ್ಲಿ ಕೆಲಸ ಆರಂಭಿಸಿದೆ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಸಜ್ಜಿ ರೊಟ್ಟಿ ಮತ್ತು ಭಜ್ಜಿಯ ಬೇಡಿಕೆ ಏರುತ್ತದೆ, ಅಷ್ಟರೊಳಗೆ ಯಂತ್ರ ನಿಲ್ಲಬೇಕು ಎಂಬುದು ಅತ್ತಿಗೆಯವರ ಷರತ್ತಾಗಿತ್ತು.

ತತ್ವ ಸರಳವಾದದ್ದು. ಉಪ್ಪುನೀರಿನಲ್ಲಿ ಎರಡು ತಟ್ಟೆಗಳನ್ನು ಇಳಿಬಿಟ್ಟು ನೇರ ವಿದ್ಯುತ್ ಹರಿಸಿದರೆ ಧನ ತಟ್ಟೆಯ ಮೇಲೆ ಕ್ಲೋರಿನ್ ಹುಟ್ಟುತ್ತದೆ, ಋಣ ತಟ್ಟೆಯ ಮೇಲೆ ಹೈಡ್ರೋಜನ್ ಅನಿಲವೂ ಕ್ಷಾರವೂ ಹುಟ್ಟುತ್ತವೆ. ನಡುವೆ ಯಾವ ಪರದೆಯನ್ನೂ ಇಡದಿದ್ದರೆ ಕ್ಲೋರಿನ್ ಆ ಕ್ಷಾರದೊಡನೆ ಅಲ್ಲಿಯೇ ಬೆರೆತು ಹೈಪೋಕ್ಲೋರೈಟ್ ಆಗುತ್ತದೆ. ಪ್ಯಾರಿಸ್ ಪಕ್ಕದ ಜಾವೆಲ್ ಎಂಬಲ್ಲಿ ಹದಿನೆಂಟನೆಯ ಶತಮಾನದ ಕೊನೆಗೆ ಬಟ್ಟೆ ಬಿಳುಪಿಸಲು ಬೆರ್ತೊಲೆ ತಯಾರಿಸಿದ ನೀರಿನಲ್ಲಿದ್ದುದೂ ಹೈಪೋಕ್ಲೋರೈಟೇ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ವೈದ್ಯರ ಕೈ ತೊಳೆಸಿ ಬಾಣಂತಿಯರ ಸಾವು ತಗ್ಗಿಸಿದ್ದು ಇದರ ಹತ್ತಿರದ ನೆಂಟನಾದ ಕ್ಲೋರಿನ್ ಸುಣ್ಣದಿಂದ. ಒಂದು ಆಂಪಿಯರ್ ವಿದ್ಯುತ್ ಒಂದು ಗಂಟೆ ಹರಿದರೆ ಹರಿದ ವಿದ್ಯುತ್ತಿಗೆ ತಕ್ಕಷ್ಟು ವಸ್ತು ಹುಟ್ಟುತ್ತದೆ ಎನ್ನುವ ಫ್ಯಾರಡೆ ನಿಯಮದಂತೆ 1.32 ಗ್ರಾಂ ಕ್ಲೋರಿನ್ ಬರಬೇಕು. ಪರದೆಯಿಲ್ಲದ ಪಾತ್ರೆಯಲ್ಲಿ ಅದರ ಅರ್ಧದಷ್ಟು ಕೈಗೆ ಸಿಕ್ಕರೂ ನಮ್ಮ ಕೆಲಸಕ್ಕೆ ಸಾಕು.

ತಟ್ಟೆಗಳ ಪಾಡು

ಮೊದಲ ಪ್ರಯೋಗಕ್ಕೆ ಸ್ಟೀಲ್ ಪಟ್ಟಿಗಳನ್ನು ಬಳಸಿದೆ. ಇದು ತಪ್ಪು, ಮತ್ತು ಬೇರೆಯವರು ಮಾಡಲೇಬಾರದ ತಪ್ಪಾದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತೇನೆ. ಹತ್ತು ನಿಮಿಷದಲ್ಲಿ ನೀರು ಹಳದಿಯಾಯಿತು, ಅರ್ಧ ಗಂಟೆಯಲ್ಲಿ ಕಂದು ಗಸಿ ತಳಕ್ಕೆ ಇಳಿಯಿತು, ಧನ ಪಟ್ಟಿಯ ಅಂಚು ಇಲಿ ಕಡಿದಂತೆ ಸವೆದಿತ್ತು. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯುವುದಿಲ್ಲ ಎಂಬ ಮಾತು ಉಪ್ಪುನೀರಿನ ಧನ ತುದಿಯಲ್ಲಿ ನಿಲ್ಲುವುದಿಲ್ಲ; ಅಲ್ಲಿ ಅದು ಕರಗುತ್ತದೆ, ಕಬ್ಬಿಣದ ಜೊತೆಗೆ ನಿಕಲ್ಲೂ ಕ್ರೋಮಿಯಮ್ಮೂ ನೀರಿಗೆ ಇಳಿಯುತ್ತವೆ. ಹೈಪೋಕ್ಲೋರೈಟ್ ಇರುವ ಕ್ಷಾರೀಯ ನೀರಿನಲ್ಲಿ ಆ ಕ್ರೋಮಿಯಂ ಅತ್ಯಂತ ವಿಷಕಾರಿಯಾದ ಷಟ್‌ಸಂಯೋಜಕ ರೂಪಕ್ಕೆ ತಿರುಗಬಲ್ಲದು. ಅಂತಹ ನೀರಿನಿಂದ ಸೊಪ್ಪು ತೊಳೆಯುವುದಕ್ಕಿಂತ ತೊಳೆಯದಿರುವುದೇ ಮೇಲು. ಆ ದ್ರಾವಣವನ್ನು ಮೋರಿಗೆ ಚೆಲ್ಲದೆ, ಹಳೆಯ ಪ್ರಯೋಗಾಲಯದವರನ್ನು ಕೇಳಿ ಅವರ ಲೋಹ ತ್ಯಾಜ್ಯದ ಡಬ್ಬಿಗೆ ಸುರಿದು ಬಂದೆ. ಮನೆಯಲ್ಲಿ ಸ್ಟೀಲ್ ಚಮಚ ಮತ್ತು ಬ್ಯಾಟರಿಯಿಂದ ಕ್ಲೋರಿನ್ ನೀರು ಮಾಡಬಹುದು ಎಂದು ಯಾರಾದರೂ ತೋರಿಸಿದರೆ ದಯವಿಟ್ಟು ನಂಬಬೇಡಿ.

ಎರಡನೆಯದಾಗಿ ಹಳೆಯ ದೊಡ್ಡ ಟಾರ್ಚ್ ಸೆಲ್ಲುಗಳಿಂದ ತೆಗೆದ ಕಾರ್ಬನ್ ಕಡ್ಡಿಗಳನ್ನು ಕಟ್ಟಿ ನೋಡಿದೆ. ವಿಷದ ಭಯ ಕಡಿಮೆಯಾದರೂ ಕಡ್ಡಿಗಳು ಸವೆದು ಕರಿಪುಡಿ ಉದುರತೊಡಗಿತು, ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿದರೂ ನೀರು ಬೂದಿಬಣ್ಣವಾಗಿಯೇ ಉಳಿಯಿತು. ದೊಡ್ಡ ಕ್ಲೋರಿನ್ ಕಾರ್ಖಾನೆಗಳೂ ದಶಕಗಳ ಕಾಲ ಗ್ರಾಫೈಟ್ ಸವೆತದೊಡನೆ ಹೆಣಗಿದ್ದವು. ಅವನ್ನು ಅದರಿಂದ ಪಾರುಮಾಡಿದ್ದು ಹೆನ್ರಿ ಬೀರ್ ಎಂಬ ಸಂಶೋಧಕ 1965ರಲ್ಲಿ ಪೇಟೆಂಟ್ ಪಡೆದ, ಟೈಟಾನಿಯಂ ಮೇಲೆ ರುಥೇನಿಯಂ ಆಕ್ಸೈಡ್ ಲೇಪಿಸಿದ ಆನೋಡ್, ಅಂದರೆ ಧನ ತಟ್ಟೆ. ಅದು ಸವೆಯುವುದು ಅತಿ ನಿಧಾನ, ಆಕಾರ ಕೆಡುವುದಿಲ್ಲ. ಇಂದು ಅಂತಹ ಲೇಪನದ ಚಿಕ್ಕ ಜಾಳಿಗೆ ತಟ್ಟೆಗಳು ಆನ್‌ಲೈನ್‌ನಲ್ಲಿ ಬಿಡಿಯಾಗಿ ಸಿಗುತ್ತವೆ. ನಾನು 10 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಎರಡನ್ನು ತರಿಸಿದೆ. ಇಡೀ ಯಂತ್ರದಲ್ಲಿ ಹಣ ಉಳಿಸಲು ನೋಡಬಾರದ ಭಾಗ ಇದೊಂದೇ.

ಡಬ್ಬಿ, ತಂತಿ, ಗಾಳಿಕೊಳವೆ

ಅಗಲ ಬಾಯಿಯ, ಬಿಳಿಯ, ಆಹಾರಕ್ಕೆ ಬಳಸುವ ದಪ್ಪ ಪ್ಲಾಸ್ಟಿಕ್ಕಿನ 5 ಲೀಟರ್ ಡಬ್ಬಿಯೇ ಪಾತ್ರೆಯಾಯಿತು. ತಟ್ಟೆಗಳ ಟೈಟಾನಿಯಂ ಬಾಲಗಳನ್ನು ಮುಚ್ಚಳದ ಮೂಲಕ ಮೇಲೆ ತಂದು, ತಾಮ್ರದ ತಂತಿಯ ಜೋಡಣೆ ಮುಚ್ಚಳದ ಹೊರಗೇ ಇರುವಂತೆ ಮಾಡಿದೆ, ಏಕೆಂದರೆ ತಾಮ್ರಕ್ಕೆ ಆ ಹಬೆ ತಗುಲಿದರೆ ವಾರದಲ್ಲಿ ಹಸಿರು ಹಿಡಿದು ಉದುರುತ್ತದೆ. ಶಕ್ತಿಗೆ, ಮನೆಯ ವಿದ್ಯುತ್ತನ್ನು ಕಡಿಮೆ ವೋಲ್ಟಿನ ನೇರ ವಿದ್ಯುತ್ತಾಗಿಸುವ 5 ವೋಲ್ಟ್, 10 ಆಂಪಿಯರಿನ ಎಸ್‌ಎಂಪಿಎಸ್ ಬಳಸಿದೆ, ಅದು ಎಲ್‌ಇಡಿ ಫಲಕಗಳಿಗೆ ಹಾಕುವಂಥದ್ದು. ಈ ಕ್ರಿಯೆಗೆ ನಾಲ್ಕು ವೋಲ್ಟಿನ ಆಸುಪಾಸು ಸಾಕಾಗುವುದರಿಂದ 12 ವೋಲ್ಟ್ ಕೊಟ್ಟರೆ ಹೆಚ್ಚಿನದೆಲ್ಲ ನೀರು ಬಿಸಿ ಮಾಡಲು ವ್ಯರ್ಥವಾಗುತ್ತದೆ.

ಲೀಟರಿಗೆ 30 ಗ್ರಾಂ ಉಪ್ಪಿನಂತೆ 2 ಲೀಟರ್ ನೀರಿಗೆ 60 ಗ್ರಾಂ ಹಾಕಿ ಮೊದಲ ಬಾರಿ ಸ್ವಿಚ್ ಒತ್ತಿದಾಗ ಎಸ್‌ಎಂಪಿಎಸ್ ಮಿಣುಕುತ್ತ ಆರುತ್ತ ನಿಂತಿತು. ತಟ್ಟೆಗಳ ನಡುವೆ 4 ಮಿಲಿಮೀಟರ್ ಅಂತರವಿಟ್ಟಿದ್ದೆ. ಉಪ್ಪುನೀರು ಇಷ್ಟು ಗಟ್ಟಿಯಾಗಿದ್ದಾಗ ಅಷ್ಟು ಕಿರಿದಾದ ಅಂತರದಲ್ಲಿ ತಡೆ ಬಹಳ ಕಡಿಮೆಯಾಗಿ, 10 ಆಂಪಿಯರಿಗೂ ಮೀರಿ ಎಳೆಯುತ್ತಿತ್ತು. ಒಡೆದ ಪ್ಲಾಸ್ಟಿಕ್ ಅಳತೆಪಟ್ಟಿಯಿಂದ ತುಂಡುಗಳನ್ನು ಕತ್ತರಿಸಿ ಅಂತರವನ್ನು 8 ಮಿಲಿಮೀಟರಿಗೆ ಹೆಚ್ಚಿಸಿದಾಗ 5 ಆಂಪಿಯರಿನ ಹತ್ತಿರ ಸ್ಥಿರವಾಯಿತು. ಜಾಳಿಗೆಯಿಂದ ಹಾಲಿನ ನೊರೆಯಂತೆ ಸಣ್ಣ ಗುಳ್ಳೆಗಳು ಏಳುವುದನ್ನು ನೋಡಲು ರೊಟ್ಟಿ ತಟ್ಟುವವರೆಲ್ಲ ಕೆಲಸ ಬಿಟ್ಟು ಎದ್ದು ಬಂದರು.

ಆ ಗುಳ್ಳೆಗಳೇ ಈ ಯಂತ್ರದ ಅಪಾಯ. ಎರಡು ಗಂಟೆಯ ಒಂದು ಸರದಿಯಲ್ಲಿ ಸುಮಾರು ನಾಲ್ಕೂವರೆ ಲೀಟರ್ ಹೈಡ್ರೋಜನ್ ಹುಟ್ಟುತ್ತದೆ, ಮತ್ತು ಗಾಳಿಯಲ್ಲಿ 4 ಪ್ರತಿಶತ ಬೆರೆತರೂ ಅದು ಹತ್ತಿಕೊಳ್ಳಬಲ್ಲದು. ಬೆಳಿಗ್ಗೆಯಿಂದ ನಾಲ್ಕು ಒಲೆ ಉರಿಯುವ ಮನೆಯೊಳಗೆ ಇದಕ್ಕೆ ಜಾಗವಿಲ್ಲ. ಆದ್ದರಿಂದ ಡಬ್ಬಿಯನ್ನು ಹಿತ್ತಲಿನ ತಗಡಿನ ಚಪ್ಪರದ ಅಂಚಿನಲ್ಲಿ ಇರಿಸಿ, ಮುಚ್ಚಳದಿಂದ ಅರ್ಧ ಇಂಚಿನ ಕೊಳವೆಯನ್ನು ಚಪ್ಪರಕ್ಕಿಂತ ಮೇಲಕ್ಕೆ ಒಯ್ದು ತೆರೆದ ಗಾಳಿಗೆ ಬಿಟ್ಟಿದ್ದೇನೆ. ಹೈಡ್ರೋಜನ್ ಗಾಳಿಗಿಂತ ಹಗುರವಾದ್ದರಿಂದ ಅಲ್ಲಿಂದ ಮೇಲಕ್ಕೇ ಹೋಗುತ್ತದೆ. ಸ್ವಿಚ್ಚು ಮತ್ತು ಎಸ್‌ಎಂಪಿಎಸ್ ಗೋಡೆಯ ಈಚೆ ಇವೆ. ಸರದಿ ಮುಗಿದ ಮೇಲೆ ಮೊದಲು ವಿದ್ಯುತ್ ಆರಿಸಿ, ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆಯಬೇಕೆಂಬುದನ್ನು ಸುಣ್ಣದಿಂದ ಗೋಡೆಯ ಮೇಲೆಯೇ ಬರೆದಿದ್ದೇನೆ.

ಅಳತೆ

ಎರಡು ಗಂಟೆಯ ನಂತರ 10 ಮಿಲಿಲೀಟರ್ ದ್ರಾವಣಕ್ಕೆ ಪೊಟ್ಯಾಸಿಯಂ ಅಯೋಡೈಡ್ ಮತ್ತು ಅಸಿಟಿಕ್ ಆಮ್ಲ ಹಾಕಿದಾಗ ಕಡು ಕಂದು ಬಣ್ಣ ಬಂತು. ದಶಮಾಂಶ ನಾರ್ಮಲ್, ಅಂದರೆ ಗೊತ್ತಾದ ಬಲದ, ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತ, ಬಣ್ಣ ಒಣಹುಲ್ಲಿನಷ್ಟಾದಾಗ ಗಂಜಿ ಹಾಕಿ ನೀಲಿ ಬರಿಸಿ, ಆ ನೀಲಿ ಮಾಯವಾಗುವವರೆಗೆ ಮುಂದುವರಿಸಿದೆ. ಹಿಡಿದದ್ದು 9.6 ಮಿಲಿಲೀಟರ್. ಪ್ರತಿ ಮಿಲಿಲೀಟರ್ 3.545 ಮಿಲಿಗ್ರಾಂ ಕ್ಲೋರಿನ್‌ಗೆ ಸಮವಾದ್ದರಿಂದ ಲೆಕ್ಕ ಲೀಟರಿಗೆ 3,400 ಮಿಲಿಗ್ರಾಂ, ಅಂದರೆ 3,400 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ) ಆಯಿತು. ಫ್ಯಾರಡೆ ಲೆಕ್ಕದ ಅರ್ಧಕ್ಕಿಂತ ತುಸು ಮೇಲೆ. ಖರ್ಚಾದ ವಿದ್ಯುತ್ ಒಂದು ಯೂನಿಟ್ಟಿನ ಹತ್ತರಲ್ಲಿ ಒಂದು ಪಾಲಿಗೂ ಕಡಿಮೆ. ನಾಲ್ಕು ಗಂಟೆ ಓಡಿಸಿ ನೋಡಿದಾಗ ಎರಡರಷ್ಟು ಬರದೆ 5,600ಕ್ಕೆ ನಿಂತಿತು. ದ್ರಾವಣ ಗಟ್ಟಿಯಾದಂತೆ ಹುಟ್ಟಿದ ಹೈಪೋಕ್ಲೋರೈಟೇ ಮತ್ತೆ ತಟ್ಟೆಗಳ ಮೇಲೆ ಹಾಳಾಗುತ್ತದೆ, ಕ್ಲೋರೇಟ್ ಹೆಚ್ಚುತ್ತದೆ. ಎರಡೇ ಗಂಟೆಯೆಂದು ನಿಗದಿ ಮಾಡಿದೆ.

ಬ್ಯುರೆಟ್ ಹಿಡಿಯುವುದು ದಿನನಿತ್ಯ ಕೇಂದ್ರದಲ್ಲಿ ಆಗದ ಮಾತು. ಅದಕ್ಕಾಗಿ 0ರಿಂದ 200 ಪಿಪಿಎಂ ತೋರಿಸುವ ಕ್ಲೋರಿನ್ ಪಟ್ಟಿಕಾಗದಗಳನ್ನು ತರಿಸಿ, ಒಂದು ಪ್ಲಾಸ್ಟಿಕ್ ಲೋಟಕ್ಕೆ ಉಗುರುಬಣ್ಣದಿಂದ ಎರಡು ಗೆರೆ ಎಳೆದೆ. ಕೆಳಗಿನ ಗೆರೆ 150 ಮಿಲಿಲೀಟರ್: ಹತ್ತು ಲೀಟರ್ ಬಕೆಟ್ ನೀರಿಗೆ ಹಾಕಿದರೆ ಸುಮಾರು 50 ಪಿಪಿಎಂ, ಸೊಪ್ಪಿಗೆ. ಮೇಲಿನ ಗೆರೆ 300 ಮಿಲಿಲೀಟರ್: 100 ಪಿಪಿಎಂ, ಪಾತ್ರೆ, ಚಾಕು, ರೊಟ್ಟಿ ಹಿಟ್ಟಿನ ಮರಿಗೆಯಾದ ಕೊಣಮಗಿ ಮತ್ತು ಕಟ್ಟೆಗೆ. ಅಕ್ಷರ ಓದಲು ಬಾರದ ಹಿರಿಯ ಹೆಣ್ಣುಮಗಳೊಬ್ಬರು ಅಲ್ಲಿದ್ದಾರೆ. ಹಸಿರು ಗೆರೆ ಸೊಪ್ಪಿಗೆ, ಕೆಂಪು ಗೆರೆ ಪಾತ್ರೆಗೆ ಎಂದು ಒಮ್ಮೆ ಹೇಳಿದ್ದು ಅವರಿಗೆ ಸಾಕಾಯಿತು. ಪಟ್ಟಿಕಾಗದದ ಬಣ್ಣ ನೋಡುವುದರಲ್ಲಿ ಈಗ ಅವರ ಕಣ್ಣು ನನ್ನ ಕಣ್ಣಿಗಿಂತ ಚುರುಕು.

ಬಕೆಟ್ಟಿನ ಬಲ ಕುಂದುವ ಬಗೆಯನ್ನೂ ಅವರೇ ಮೊದಲು ಗಮನಿಸಿದರು. ಮಣ್ಣು ಮೆತ್ತಿದ ಮೆಂತ್ಯವನ್ನು ನೇರವಾಗಿ ಅದ್ದಿದರೆ ಎರಡು ಸಿವುಡಿನಲ್ಲೇ ಪಟ್ಟಿ ಬಿಳಿಚಿಕೊಳ್ಳುತ್ತದೆ, ಏಕೆಂದರೆ ಕ್ಲೋರಿನ್ನಿಗೆ ರೋಗಾಣು ಯಾವುದು, ಮಣ್ಣು ಯಾವುದು, ಜೋಳದ ಹಿಟ್ಟು ಯಾವುದು ಎಂಬ ಭೇದವಿಲ್ಲ. ಎದುರಿಗೆ ಸಿಕ್ಕ ಸಾವಯವ ವಸ್ತುವಿನ ಮೇಲೆಲ್ಲ ಅದು ತೀರಿಹೋಗುತ್ತದೆ. ಆದ್ದರಿಂದ ಕ್ರಮ ಹೀಗಾಯಿತು: ಬೇರು ಕೊಯ್ದು, ಸಾದಾ ನೀರಿನಲ್ಲಿ ಮಣ್ಣು ಪೂರ್ತಿ ಬಿಡುವವರೆಗೆ ತೊಳೆದು, ನಂತರ ಐದು ನಿಮಿಷ ಕ್ಲೋರಿನ್ ನೀರಿನಲ್ಲಿ ಮುಳುಗಿಸಿ, ಕೊನೆಗೆ ಕುಡಿಯುವ ನೀರಿನಲ್ಲಿ ಜಾಲಿಸಿ ಬಿದಿರಿನ ಬುಟ್ಟಿಯಲ್ಲಿ ಬಸಿಯಬೇಕು. ಕೊಣಮಗಿಗೆ ಅಂಟಿದ ಒಣಹಿಟ್ಟನ್ನು ಮೊದಲು ನೀರು ಹಾಕಿ ನೆನೆಸಿ ಕೆರೆಯಬೇಕು; ಅದರ ಮೇಲೆ ಎಷ್ಟು ಕ್ಲೋರಿನ್ ಸುರಿದರೂ ಹಿಟ್ಟಿನ ಅಡಿ ಕುಳಿತದ್ದು ಅಲ್ಲಿಯೇ ಇರುತ್ತದೆ.

ನಮ್ಮ ನೀರು, ನಮ್ಮ ಕಲ್ಲು

ಮೂರನೆಯ ವಾರದಲ್ಲಿ ವಿದ್ಯುತ್ 5 ಆಂಪಿಯರಿನಿಂದ 3ಕ್ಕೆ ಇಳಿದಿತ್ತು. ಮುಚ್ಚಳ ತೆಗೆದು ನೋಡಿದರೆ ಋಣ ತಟ್ಟೆಯ ಮೇಲೆ ಕೊಡದ ತಳದಲ್ಲಿ ಕಟ್ಟುವಂತಹದೇ ಬಿಳಿ ಗಾರು ಒತ್ತಾಗಿ ಕಟ್ಟಿತ್ತು. ಕೇಂದ್ರದ ಬೋರ್‌ವೆಲ್ ನೀರಿನ ಗಡಸುತನವನ್ನು ಗಡಸು ಲವಣಗಳನ್ನು ಹಿಡಿಯುವ ಇಡಿಟಿಎ ಎಂಬ ರಾಸಾಯನಿಕ ಹಾಕಿ ಅಳೆದಾಗ ಲೀಟರಿಗೆ 640 ಮಿಲಿಗ್ರಾಂ ಬಂತು. ಕುಡಿಯುವ ನೀರಿನ ಭಾರತೀಯ ಮಾನಕ 10500 ಪ್ರಕಾರ 200 ಒಪ್ಪತಕ್ಕದ್ದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸತಕ್ಕದ್ದು. ಋಣ ತಟ್ಟೆಯ ಬಳಿ ಕ್ಷಾರ ಹುಟ್ಟುವುದರಿಂದ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಅಲ್ಲಿಯೇ ಗಟ್ಟಿಯಾಗಿ ಅಂಟುತ್ತವೆ. ಹರಳುಪ್ಪಿನಲ್ಲಿಯೂ ಮೆಗ್ನೀಸಿಯಂ ಇರುತ್ತದೆ. ಧ್ರುವಗಳನ್ನು ಅದಲುಬದಲು ಮಾಡಿದರೆ ಗಾರು ಉದುರುತ್ತದೆ ಎಂಬುದು ನಿಜವಾದರೂ, ಪದೇ ಪದೇ ಹಾಗೆ ಮಾಡಿದರೆ ಬೆಲೆಬಾಳುವ ಲೇಪನದ ಆಯುಷ್ಯ ಕುಗ್ಗುತ್ತದೆ. ನಾನು ಆ ದಾರಿ ಹಿಡಿಯದೆ, ಉಪ್ಪುನೀರಿಗೆ ಮಾತ್ರ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಬಳಸಲು ಮತ್ತು ಹರಳುಪ್ಪನ್ನು ಬಿಟ್ಟು ಶುದ್ಧೀಕರಿಸಿದ ಉಪ್ಪು ತರಲು ಹೇಳಿದೆ. ದಿನಕ್ಕೆ 2 ಲೀಟರ್ ಕ್ಯಾನ್ ನೀರು ಯಾರಿಗೂ ಭಾರವಲ್ಲ.

ಕಟ್ಟಿದ ಗಾರನ್ನು ತೆಗೆಯಲು ಲಿಂಬಿ ಉಪ್ಪಿನ, ಅಂದರೆ ಸಿಟ್ರಿಕ್ ಆಮ್ಲದ ದ್ರಾವಣ ಬಳಸಿದೆ. ಇಲ್ಲಿ ಎರಡು ಎಚ್ಚರಿಕೆಗಳಿವೆ. ಹೈಪೋಕ್ಲೋರೈಟಿಗೆ ಯಾವುದೇ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಎದ್ದು ಎದೆಗೆ ಹತ್ತುತ್ತದೆ; ಆದ್ದರಿಂದ ತಟ್ಟೆಗಳನ್ನು ಎರಡು ನೀರಿನಲ್ಲಿ ತೊಳೆದು, ಬೇರೆಯದೇ ಪಾತ್ರೆಯಲ್ಲಿ, ಬಯಲಿನಲ್ಲಿ ಮಾತ್ರ ಆಮ್ಲಕ್ಕೆ ಹಾಕಬೇಕು. ಕಕ್ಕಸು ತೊಳೆಯುವ ಆ್ಯಸಿಡ್ ಮತ್ತು ಅಮೋನಿಯಾ ಇರುವ ಯಾವ ಕ್ಲೀನರ್ ಕೂಡ ಈ ದ್ರಾವಣದ ಹತ್ತಿರ ಸುಳಿಯಬಾರದು. ಎರಡನೆಯ ಎಚ್ಚರಿಕೆಯನ್ನು ನಾನು ಕೆಡಿಸಿಕೊಂಡು ಕಲಿತೆ. ಲಿಂಬಿ ಉಪ್ಪಿನ ಪಾತ್ರೆಯನ್ನು ಹಿಟ್ಟು ನಾದುವ ಶಹಾಬಾದ್ ಕಲ್ಲಿನ ಕಟ್ಟೆಯ ಮೇಲಿಟ್ಟಿದ್ದೆ, ಎರಡು ಹನಿ ತುಳುಕಿದವು. ಶಹಾಬಾದ್ ಫರಸಿ ಸುಣ್ಣದಕಲ್ಲು. ಆಮ್ಲ ಬಿದ್ದಲ್ಲಿ ಬುಸುಬುಸು ನೊರೆಯೆದ್ದು ನಯವಾದ ಮೈ ಹೋಗಿ ಬಿಳಿಯ ಒರಟು ಕಲೆ ಉಳಿಯಿತು. ಅತ್ತಿಗೆಯವರ ಮಾವನ ಕಾಲದ ಕಟ್ಟೆ ಅದು. ಒರಟಾದ ಕಲ್ಲಿನ ಸಂದುಗಳಲ್ಲಿ ಹಿಟ್ಟು ಸೇರಿಕೊಂಡು ತೊಳೆಯುವುದು ಕಷ್ಟವಾಗುತ್ತದೆ ಎಂಬುದು ಅಂದಕ್ಕಿಂತ ದೊಡ್ಡ ನಷ್ಟ. ನೀರು ಹಾಕಿ ಸಣ್ಣ ಉಜ್ಜುಕಾಗದದಿಂದ ಅರ್ಧ ದಿನ ತಿಕ್ಕಿ ಅದನ್ನು ಸರಿಪಡಿಸಿದೆ. ನಮ್ಮ ಜಿಲ್ಲೆಯ ಅಡುಗೆಮನೆಗಳಲ್ಲಿ ನೆಲವೂ ಕಟ್ಟೆಯೂ ಇದೇ ಕಲ್ಲಿನವಾದ್ದರಿಂದ ವಿನೆಗರ್, ಲಿಂಬಿಹಣ್ಣಿನ ಕ್ಲೀನರುಗಳು ಇಲ್ಲಿಗೆ ಹೊಂದುವುದಿಲ್ಲ, ತುಸು ಕ್ಷಾರೀಯವಾದ ಹೈಪೋಕ್ಲೋರೈಟ್ ಹೊಂದುತ್ತದೆ ಎಂಬುದು ಆ ಕಲೆಯಿಂದ ನನಗೆ ಮನದಟ್ಟಾಯಿತು.

ಸ್ಟೀಲ್ ಪಾತ್ರೆಗಳಿಗೆ ಬೇರೆ ತೊಂದರೆ. ರಾತ್ರಿ ಪರಾತಗಳನ್ನು ಕ್ಲೋರಿನ್ ನೀರಿನಲ್ಲಿಯೇ ಮುಳುಗಿಸಿ ಬಿಟ್ಟವರು ಬೆಳಿಗ್ಗೆ ಕಂದು ಚುಕ್ಕೆಗಳನ್ನು ಕಂಡರು. ಎರಡು ನಿಮಿಷ ಸಾಕು; ನಂತರ ಬಸಿದು ಗಾಳಿಗೆ ಒಣಗಿಸಬೇಕು, ಬಟ್ಟೆಯಿಂದ ಒರೆಸಬಾರದು, ಒರೆಸುವ ಬಟ್ಟೆಯೇ ಕೊಳೆಯನ್ನು ಮರಳಿ ತರುತ್ತದೆ.

ಸೊಪ್ಪಿನ ಪರೀಕ್ಷೆ

ಇಷ್ಟೆಲ್ಲ ಮಾಡಿದ್ದು ಫಲ ಕೊಡುತ್ತಿದೆಯೇ ಎಂದು ತಿಳಿಯಲು ಪೂರ್ಣ ಸೂಕ್ಷ್ಮಾಣು ಪ್ರಯೋಗಾಲಯ ನನ್ನ ಬಳಿ ಇಲ್ಲ. ಆದರೆ 1982ರಲ್ಲಿ ಮಂಜಾ ಮತ್ತು ಸಂಗಡಿಗರು ನಮ್ಮ ದೇಶದಲ್ಲಿಯೇ ರೂಪಿಸಿದ ಹೈಡ್ರೋಜನ್ ಸಲ್ಫೈಡ್ ಕಾಗದದ ಸೀಸೆ ಇದೆ: ಮಲಮೂಲದ ಬ್ಯಾಕ್ಟೀರಿಯಾಗಳ ಜೊತೆ ಸಾಮಾನ್ಯವಾಗಿ ಕಂಡುಬರುವ ಜೀವಿಗಳು ನೀರಿನಲ್ಲಿದ್ದರೆ ಒಂದೆರಡು ದಿನದಲ್ಲಿ ಅದು ಕಪ್ಪಾಗುತ್ತದೆ. ಅದಕ್ಕೆ ಬೇಕಾದ ಬೆಚ್ಚಗಿನ ಜಾಗವನ್ನು ಒಲೆಯ ಹಿಂದಿನ ಗೂಡು ಒದಗಿಸಿತು. ಸಾದಾ ನೀರಿನಲ್ಲಿ ತೊಳೆದ ಹಕ್ಕರಕಿಯನ್ನು ಶುದ್ಧ ನೀರಿನಲ್ಲಿ ಅಲುಗಿಸಿ ಆ ನೀರನ್ನು ಒಂದು ಸೀಸೆಗೆ, ಕ್ಲೋರಿನ್‌ನಲ್ಲಿ ನೆನೆಸಿ ಜಾಲಿಸಿದ ಹಕ್ಕರಕಿಯ ನೀರನ್ನು ಇನ್ನೊಂದಕ್ಕೆ ತುಂಬಿದೆ. ಎರಡನೆಯದಕ್ಕೆ ತುಂಬುವ ಮೊದಲು ಒಂದು ಹನಿ ಥಯೋಸಲ್ಫೇಟ್ ಹಾಕಲೇಬೇಕು. ಇಲ್ಲದಿದ್ದರೆ ಉಳಿದ ಕ್ಲೋರಿನ್ ಸೀಸೆಯೊಳಗೆ ಕೆಲಸ ಮುಂದುವರಿಸಿ, ಎಲೆ ಶುದ್ಧವಿಲ್ಲದಿದ್ದರೂ ಶುದ್ಧವೆಂದು ತೋರಿಸುತ್ತದೆ. ಮೊದಲನೆಯ ಸೀಸೆ ಮರುದಿನವೇ ಡಾಂಬರಿನಂತೆ ಕಪ್ಪಾಯಿತು. ಎರಡನೆಯದು ಮೂರು ದಿನವಾದರೂ ಬಣ್ಣ ಬದಲಿಸಲಿಲ್ಲ. ಆರು ಸಲ ಮಾಡಿದ ಪರೀಕ್ಷೆಯಲ್ಲಿ ಐದು ಸಲ ಹೀಗೆಯೇ ಆಯಿತು. ಒಮ್ಮೆ ಎರಡೂ ಕಪ್ಪಾದವು, ಅಂದು ಸಿವುಡಿನ ಹಗ್ಗ ಬಿಚ್ಚದೆ ಅದ್ದಿದ್ದರೆಂದು ನಂತರ ತಿಳಿಯಿತು. ಕಟ್ಟಿನ ನಡುವಿನ ಎಲೆಗಳಿಗೆ ನೀರು ಹೋಗಿರಲಿಲ್ಲ. ಇದು ಸೂಚನೆ ಮಾತ್ರ, ಪುರಾವೆಯಲ್ಲ; ಎಲೆಯ ಮಡಿಕೆಯೊಳಗೆ ಹೊಕ್ಕದ್ದನ್ನು ಕ್ಲೋರಿನ್ ಪೂರ್ತಿ ಮುಟ್ಟಲಾರದು. ಬಸವಳಿದ, ಗಾಯಗೊಂಡ ಎಲೆಗಳನ್ನು ಈಗ ಹಸಿಯಾಗಿ ಬಡಿಸದೆ ಪಲ್ಯಕ್ಕೆ ಹಾಕುತ್ತಾರೆ.

ಎಳ್ಳಮಾಸಿಯ ಸರದಿಯನ್ನು ಯಂತ್ರ ದಾಟಿತು. ಏಪ್ರಿಲಿನಲ್ಲಿ ಇನ್ನೊಂದು ತಿದ್ದುಪಡಿ ಬೇಕಾಯಿತು: ಎರಡು ಗಂಟೆಯಲ್ಲಿ ದ್ರಾವಣ ಹತ್ತು ಡಿಗ್ರಿಗೂ ಹೆಚ್ಚು ಬಿಸಿಯಾಗುತ್ತಿತ್ತು, ಮಧ್ಯಾಹ್ನದ ನೀರಿನಿಂದ ಶುರುಮಾಡಿದ ದಿನ ಬಲ 2,700ಕ್ಕೆ ಕುಸಿಯಿತು. ಈಗ ರಾತ್ರಿ ಮಣ್ಣಿನ ಗಡಿಗೆಯಲ್ಲಿಟ್ಟ ನೀರಿನಿಂದ ಬೆಳಿಗ್ಗೆ ಐದಕ್ಕೆ ಸ್ವಿಚ್ ಹಾಕುತ್ತಾರೆ. ಸಿದ್ಧವಾದದ್ದನ್ನು ಕಪ್ಪು ಕ್ಯಾನಿನಲ್ಲಿ ನೆರಳಿನಲ್ಲಿಟ್ಟರೆ ಮರುದಿನಕ್ಕೆ 3,200 ಉಳಿಯುತ್ತದೆ. ಅದನ್ನೇ ಪಾರದರ್ಶಕ ಬಾಟಲಿಯಲ್ಲಿ ಬಿಸಿಲಿಗಿಟ್ಟು ನೋಡಿದಾಗ ಸಂಜೆಗೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಹಿಂದಿನ ದಿನದ್ದು ಉಳಿದರೆ ನೆಲ ಒರೆಸಲು ಹೋಗುತ್ತದೆ, ಸೊಪ್ಪಿಗೆ ಅಂದಂದಿನದೇ. ಧನ ತಟ್ಟೆಯ ಒಂದು ಮೂಲೆಯಲ್ಲಿ ಲೇಪನ ತುಸು ತೆಳುವಾದಂತೆ ಕಾಣುತ್ತಿರುವುದರಿಂದ ಇನ್ನೊಂದು ಜೊತೆ ತಟ್ಟೆಗಳನ್ನು ತರಿಸಿ ಗೂಡಿನಲ್ಲಿಟ್ಟಿದ್ದೇನೆ, ಮತ್ತು ವಿದ್ಯುತ್ ಇಳಿದದ್ದು ತಾನಾಗಿ ಗೊತ್ತಾಗಲೆಂದು ಮುಂದಿನ ವಾರ ಗೋಡೆಯ ಈಚೆ ಒಂದು ಆಂಪಿಯರ್ ಮೀಟರ್ ಕೂರಿಸಲಿದ್ದೇನೆ.